ಮೂರು ಗಂಟೆಗೆ ಮುಚ್ಚಿದ ಖಾತೆ, ಐದು ಗಂಟೆಗೆ ಕೊಟ್ಟ ರಾಜೀನಾಮೆ

2024ರ ಫೆಬ್ರವರಿ, ಒಂದು ಗುರುವಾರ. ಸಂಜೆ ನಾಲ್ಕಕ್ಕೆ ಕ್ಯಾಲೆಂಡರ್‌ನಲ್ಲಿ ಒಂದು ಮೀಟಿಂಗ್ ಬಂದು ಕೂತಿತ್ತು. ಕರೆದವರು ಎಚ್‌ಆರ್. ಏಳು ವರ್ಷದಿಂದ ಅದೇ ಸಾಫ್ಟ್‌ವೇರ್ ಕಂಪನಿ, ಅದು ಅಪ್ರೈಸಲ್ ಸಮಯ ಬೇರೆ. ಅದೇ ಇರಬೇಕು ಅಂದುಕೊಂಡು ಹೋದೆ. ಕೋಣೆಯಲ್ಲಿ ಎಚ್‌ಆರ್‌ನವರು ಇಬ್ಬರು ಇದ್ದರು. ನನ್ನ ಮ್ಯಾನೇಜರ್ ವಿಡಿಯೋ ಕಾಲ್‌ನಲ್ಲಿ ಸೇರಿಕೊಂಡಿದ್ದರು, ಆದರೆ ಕೊನೆಯವರೆಗೂ ಕ್ಯಾಮೆರಾ ಹಾಕಲಿಲ್ಲ.

ಪ್ರಾಜೆಕ್ಟ್ ಕಡಿಮೆಯಾಗಿದೆ, ನಿಮ್ಮ ಹುದ್ದೆ ಇನ್ನು ಇರುವುದಿಲ್ಲ ಅಂದರು. ಈಗಲೇ ರಾಜೀನಾಮೆ ಕೊಟ್ಟರೆ ಎರಡು ತಿಂಗಳ ಸಂಬಳ ಮತ್ತು ಒಳ್ಳೆಯ ರಿಲೀವಿಂಗ್ ಲೆಟರ್. ಕೊಡದಿದ್ದರೆ ಟರ್ಮಿನೇಷನ್. "ಮುಂದಿನ ಕಂಪನಿಯವರು ವಿಚಾರಿಸಿದಾಗ ನಿಮಗೇ ತೊಂದರೆ ಅಲ್ವಾ?" ಅಂತ ತುಂಬಾ ಕಾಳಜಿಯಿಂದ ಕೇಳಿದರು. ನಾಳೆವರೆಗೆ ಟೈಮ್ ಕೊಡಿ ಅಂದೆ. ಆಗುವುದಿಲ್ಲ, ಇಲ್ಲಿಂದ ಏಳುವ ಮೊದಲೇ ತೀರ್ಮಾನವಾಗಬೇಕು ಅಂದರು. ಅವರದೇ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಫಾರ್ಮ್ ತೆರೆದೇ ಇತ್ತು. ಕಾರಣದ ಜಾಗದಲ್ಲಿ 'ವೈಯಕ್ತಿಕ' ಅಂತ ಮೊದಲೇ ಆರಿಸಿಟ್ಟಿದ್ದರು. 4.47ಕ್ಕೆ ನಾನು ಬಟನ್ ಒತ್ತಿದೆ.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಸುಮ್ನೆ ಫೋನ್ ತಿರುವಿ ಹಾಕುತ್ತಿದ್ದಾಗ ಒಂದು ಎಸ್‌ಎಂಎಸ್ ಕಣ್ಣಿಗೆ ಬಿತ್ತು. ಕಂಪನಿಯ ಕೋಡ್ ಇಡುವ ಜಾಗಕ್ಕೆ ನನಗಿದ್ದ ಪ್ರವೇಶ ತೆಗೆದುಹಾಕಲಾಗಿದೆ ಅಂತ ತಾನಾಗೇ ಬಂದ ಮೆಸೇಜು. ಸಮಯ ನೋಡಿದೆ. ಮಧ್ಯಾಹ್ನ 2.58. ಅಂದರೆ ನಾನು 'ಸ್ವಂತ ಇಚ್ಛೆಯಿಂದ' ರಾಜೀನಾಮೆ ಕೊಡುವ ಸುಮಾರು ಎರಡು ಗಂಟೆ ಮೊದಲೇ ನನ್ನ ಖಾತೆ ಮುಚ್ಚಿತ್ತು. ಆಗ ಬಂದ ಸಿಟ್ಟು ಆ ಕೋಣೆಯಲ್ಲೇ ಬಂದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಬೆಳಿಗ್ಗೆ ನನ್ನ ಸ್ವಂತ ಮೇಲ್‌ನಿಂದ ಎಚ್‌ಆರ್‌ಗೆ, ಮ್ಯಾನೇಜರ್‌ಗೆ ನಾಲ್ಕು ಸಾಲು ಬರೆದೆ. ನಿನ್ನೆಯ ರಾಜೀನಾಮೆ ಒತ್ತಡದಲ್ಲಿ ಕೊಟ್ಟದ್ದು, ಅದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ಕೆಲಸಕ್ಕೆ ಬರಲು ಸಿದ್ಧಳಿದ್ದೇನೆ. ಕಾನೂನು ತಿಳಿದು ಬರೆದದ್ದಲ್ಲ, ನಿದ್ದೆಗೆಟ್ಟು ಬರೆದದ್ದು. ಈಗ ಹಿಂತಿರುಗಿ ನೋಡಿದರೆ ಇಡೀ ಎಂಟು ತಿಂಗಳಲ್ಲಿ ನಾನು ಮಾಡಿದ ಅತ್ಯಂತ ಬುದ್ಧಿವಂತಿಕೆಯ ಕೆಲಸ ಅದೇ. ಅವರಿಂದ ಉತ್ತರ ಬರಲಿಲ್ಲ.

ಮೊದಲು ಭೇಟಿಯಾದ ವಕೀಲರು ನನ್ನ ಮಾತು ಅರ್ಧಕ್ಕೇ ನಿಲ್ಲಿಸಿದರು. "ಐಟಿಯವರಿಗೆ ಲೇಬರ್ ಲಾ ಎಲ್ಲಿದೆ ಮೇಡಂ? ಸರ್ಕಾರ ವಿನಾಯಿತಿ ಕೊಟ್ಟಿದೆಯಲ್ಲ" ಅಂದರು. ಈ ಮಾತು ನಮ್ಮ ಕ್ಯಾಂಟೀನ್‌ಗಳಲ್ಲೂ ಓಡಾಡುತ್ತದೆ. ನಾನೂ ನಂಬಿದ್ದೆ. ಎರಡು ವಾರ ಕಳೆದ ಮೇಲೆ ಗೆಳತಿಯೊಬ್ಬಳು ಐಟಿ ನೌಕರರ ಸಂಘಟನೆಯ ಒಬ್ಬರನ್ನು ಪರಿಚಯಿಸಿದಳು. ಹಿಂದೆ ಫ್ಯಾಕ್ಟರಿಯಲ್ಲಿದ್ದು ಯೂನಿಯನ್ ಮಾಡಿದವರು, ಅರವತ್ತು ದಾಟಿದೆ, ಎಲ್ಲರೂ ಅವರನ್ನು 'ಸಾರ್' ಅಂತಲೇ ಕರೆಯುತ್ತಾರೆ. ಅವರು ನಕ್ಕರು. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ 2014ರಿಂದ ಸಿಕ್ಕಿದ್ದ ವಿನಾಯಿತಿ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಮಾತ್ರವಂತೆ. ಅಂದರೆ ಕೆಲಸದ ನಿಯಮಗಳನ್ನು ಬರೆದು ಇಲಾಖೆಯಿಂದ ಒಪ್ಪಿಗೆ ಪಡೆಯುವ ಕಾಯ್ದೆ. 2019ರಲ್ಲಿ ವಿನಾಯಿತಿ ಮುಂದುವರಿಯಿತು. ಅದಕ್ಕೂ ಷರತ್ತುಗಳಿದ್ದವು: ದೂರು ಕೇಳುವ ಸಮಿತಿ ಇರಬೇಕು, ಯಾರನ್ನಾದರೂ ತೆಗೆದರೆ ಇಲಾಖೆಗೆ ತಿಳಿಸಬೇಕು. ಆದರೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಿಂದ ಯಾವ ಐಟಿ ಕಂಪನಿಗೂ ವಿನಾಯಿತಿ ಇರಲಿಲ್ಲ.

"ಸಾರ್, ನಾವು ಕೈಗಾರಿಕೆನಾ? ನಮ್ಮಲ್ಲಿ ಮೆಷಿನ್ನೇ ಇಲ್ಲ" ಅಂದೆ. 1978ರ ಸುಪ್ರೀಂ ಕೋರ್ಟ್ ತೀರ್ಪಿನ ಕಥೆ ಹೇಳಿದರು. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ನೌಕರರ ಕೇಸು. ದಂಡ ಹಾಕಿದರು ಅಂತ ನೌಕರರು ಕಾರ್ಮಿಕ ನ್ಯಾಯಾಲಯಕ್ಕೆ ಹೋದದ್ದು, ಕೊನೆಗೆ ಏಳು ನ್ಯಾಯಮೂರ್ತಿಗಳ ಪೀಠ 'ಕೈಗಾರಿಕೆ' ಅಂದರೆ ಏನು ಅಂತಲೇ ತೀರ್ಮಾನ ಮಾಡಬೇಕಾಯಿತು. ಮಾಲೀಕ ಮತ್ತು ನೌಕರರು ಸೇರಿ, ಕ್ರಮಬದ್ಧವಾಗಿ, ಜನರಿಗೆ ಬೇಕಾದ ಸರಕು ಅಥವಾ ಸೇವೆ ಕೊಡುತ್ತಿದ್ದರೆ ಅದು ಕೈಗಾರಿಕೆ. ಮೆಷಿನ್ ಲೆಕ್ಕಕ್ಕಿಲ್ಲ. ನಮ್ಮ ಮನೆ ನಲ್ಲಿಯ ನೀರಿಗೂ ನನ್ನ ಕೆಲಸಕ್ಕೂ ಹೀಗೊಂದು ನಂಟು ಇರಬಹುದು ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ.

ಇನ್ನೊಂದು ತಮಾಷೆ. ನಾವೆಲ್ಲ 'ಲೇಆಫ್' ಅನ್ನುತ್ತೇವಲ್ಲ, ಆ ಪದಕ್ಕೆ ಕಾಯ್ದೆಯಲ್ಲಿ ಬೇರೆಯೇ ಅರ್ಥ. ಕಲ್ಲಿದ್ದಲು ಇಲ್ಲ, ಕರೆಂಟ್ ಇಲ್ಲ, ಕಚ್ಚಾ ಮಾಲು ಇಲ್ಲ ಅಂತ ಸ್ವಲ್ಪ ದಿನ ಕೆಲಸ ಕೊಡಲಾಗದೆ ಕೂರಿಸುವುದು ಲೇಆಫ್. ಹೆಸರು ಮಸ್ಟರ್ ರೋಲ್‌ನಲ್ಲೇ (ನೌಕರರ ಹಾಜರಿ ಪಟ್ಟಿಯಲ್ಲೇ) ಇರುತ್ತದೆ. ನಮಗೆ ಆಗುವುದು 'ರಿಟ್ರೆಂಚ್‌ಮೆಂಟ್', ಅಂದರೆ ತಪ್ಪಿಲ್ಲದೆ ಕೆಲಸದಿಂದ ತೆಗೆಯುವುದು. ಹಾಗೆ ತೆಗೆಯಬೇಕಾದರೆ ಆಗಿನ ಕಾಯ್ದೆಯಲ್ಲಿ 25ಎಫ್ ಅನ್ನೋ ಸೆಕ್ಷನ್ ಇತ್ತು. ಒಂದು ವರ್ಷ ಸತತ ಕೆಲಸ ಮಾಡಿದವರಿಗೆ (ಲೆಕ್ಕಕ್ಕೆ 240 ದಿನ ಸಾಕು) ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ ಕೊಡಬೇಕು. ಕೆಲಸ ಮಾಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಪರಿಹಾರ. ಸರ್ಕಾರಕ್ಕೂ ತಿಳಿಸಬೇಕು. ಕೊಟ್ಟು ತೆಗೆಯಬೇಕು, ತೆಗೆದು ಆಮೇಲೆ ಕೊಡುತ್ತೇನೆ ಅನ್ನುವಂತಿಲ್ಲ.

"ಹಾಗಿದ್ದರೆ ರಾಜೀನಾಮೆ ಯಾಕೆ ಬರೆಸಿಕೊಂಡರು ಗೊತ್ತಾಯ್ತಲ್ಲ?" ಅಂದರು ಸಾರ್. ಗೊತ್ತಾಯಿತು. ತಾನಾಗಿ ಬಿಟ್ಟು ಹೋದವರನ್ನು ಯಾರೂ ತೆಗೆದ ಹಾಗಲ್ಲ. ಒಂದು ಬಟನ್ ಒತ್ತಿದರೆ 25ಎಫ್ ಪೂರ್ತಿ ಮಾಯ. ಆ 'ವೈಯಕ್ತಿಕ' ಅನ್ನೋ ಒಂದು ಪದಕ್ಕೆ ಎಷ್ಟು ಬೆಲೆ ಅಂತ ಅವತ್ತೇ ಕೂತು ಲೆಕ್ಕ ಹಾಕಿದೆ. ನನ್ನ ತಿಂಗಳ ಸಂಬಳ 1,05,000 ರೂಪಾಯಿ. ಹದಿನೈದು ದಿನಕ್ಕೆ 52,500. ಏಳು ವರ್ಷಕ್ಕೆ 3,67,500. ಅದರ ಮೇಲೆ ನೋಟಿಸ್‌ನ ಒಂದು ತಿಂಗಳು. ಒಟ್ಟು 4,72,500. ಅವರು ಕೊಡಲು ಬಂದದ್ದು 2,10,000.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಸಿಗುವ ಹಣ, ಇದರಲ್ಲಿ ಸೇರಿಲ್ಲ. ಅದು ರಾಜೀನಾಮೆ ಕೊಟ್ಟರೂ ಬರುತ್ತದೆ, ಐದು ವರ್ಷ ಆಗಿದ್ದರೆ ಸಾಕು. ಆದರೆ ಅಲ್ಲಿ ಹದಿನೈದು ದಿನದ ಲೆಕ್ಕವೇ ಬೇರೆ. ಆಗ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಮಾತ್ರ ಹಿಡಿಯಬೇಕಿತ್ತು, ತಿಂಗಳಿಗೆ 30ರ ಬದಲು 26 ದಿನದಿಂದ ಭಾಗಿಸಬೇಕಿತ್ತು. ನನ್ನ ಮೂಲ ವೇತನ 42,000. ಹಾಗಾಗಿ ಬಂದದ್ದು 1,69,615. ಇದನ್ನು ಕಂಪನಿ ಒಂದು ತಿಂಗಳೊಳಗೆ ಖಾತೆಗೆ ಹಾಕಿತು, ಅದರಲ್ಲಿ ತಕರಾರಿಲ್ಲ. ತೊಂದರೆ ಏನಂದರೆ, ಎಷ್ಟೋ ಜನ ಗ್ರಾಚ್ಯುಟಿ ಬಂದ ತಕ್ಷಣ ಪರಿಹಾರವೂ ಬಂತು ಅಂದುಕೊಂಡು ಸುಮ್ಮನಾಗುತ್ತಾರೆ. ನನ್ನ ಜೊತೆ ಹೊರಬಿದ್ದವರಲ್ಲಿ ಮೂವರು ಹಾಗೇ ಅಂದುಕೊಂಡಿದ್ದರು.

ಮಾರ್ಚ್ ಕೊನೆಗೆ ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಕೊಟ್ಟೆ. ಮೂರು ಪುಟ, ಕನ್ನಡದಲ್ಲೇ. ಆಫರ್ ಲೆಟರ್, ಪೇ ಸ್ಲಿಪ್‌ಗಳು, ಆ ಎಸ್‌ಎಂಎಸ್‌ನ ಪ್ರಿಂಟ್, ಮಾರನೇ ದಿನದ ಮೇಲ್. ಪೇ ಸ್ಲಿಪ್‌ಗಳು ನನ್ನ ಹತ್ತಿರ ಇದ್ದದ್ದು ಮನೆ ಸಾಲಕ್ಕೆ ಅಂತ ಡೌನ್‌ಲೋಡ್ ಮಾಡಿದ್ದರಿಂದ. ಉಳಿದದ್ದೆಲ್ಲ ಕಂಪನಿಯ ಲ್ಯಾಪ್‌ಟಾಪ್ ಜೊತೆಗೇ ಹೋಗಿತ್ತು. ನಮ್ಮ ಏಳು ವರ್ಷದ ದುಡಿಮೆಯ ದಾಖಲೆ ಪೂರ್ತಿ ಅವರ ಸರ್ವರ್‌ನಲ್ಲಿ ಇರುತ್ತದೆ, ನಮ್ಮ ಕೈಯಲ್ಲಿ ಒಂದು ಐಡಿ ಕಾರ್ಡ್ ದಾರ ಇರುತ್ತದೆ.

ಮೊದಲ ಸಂಧಾನ ಸಭೆ ಏಪ್ರಿಲ್ ಕೊನೆಯಲ್ಲಿ. ದೊಡ್ಡ ಕೋರ್ಟ್ ಹಾಲ್ ಅಂದುಕೊಂಡು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋದೆ. ಒಂದು ಮೇಜು, ಫೈಲ್‌ಗಳ ರಾಶಿ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ನಮಗಿಂತ ಮೊದಲು ಗಾರ್ಮೆಂಟ್ಸ್‌ನ ಏಳೆಂಟು ಹೆಂಗಸರ ಕೇಸು ನಡೆಯುತ್ತಿತ್ತು. ಒಬ್ಬರು ನನ್ನ ಐಟಿ ಬ್ಯಾಗ್ ನೋಡಿ, "ನೀವು ಕಂಪ್ನಿ ಕಡೆಯವ್ರಾ ಮೇಡಂ?" ಅಂತ ಕೇಳಿದರು. ಅಲ್ಲಕ್ಕ, ನನ್ನನ್ನೂ ತೆಗೆದಿದ್ದಾರೆ ಅಂದೆ. ಅವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಕಂಪನಿ ಕಡೆಯಿಂದ ಎಚ್‌ಆರ್‌ನ ಒಬ್ಬ ಮೇಡಂ, ಜೊತೆಗೆ ಕೋಟು ಹಾಕಿದ ಒಬ್ಬರು. ಸಂಧಾನಾಧಿಕಾರಿ ಕನ್ನಡಕದ ಮೇಲಿಂದ ನೋಡಿ, "ತಾವು ಯಾರು ಸಾರ್?" ಅಂದರು. ಕನ್ಸಲ್ಟೆಂಟ್ ಅಂದರು. "ವಕೀಲರಾ?" ಎಂದು ಕೇಳಿದರು. ಸ್ವಲ್ಪ ಹೊತ್ತು ಮೌನ. ಹೌದು ಅಂತ ಒಪ್ಪಿಕೊಂಡರು. "ಹಾಗಿದ್ರೆ ಹೊರಗಡೆ ಕೂತ್ಕೊಳ್ಳಿ." ಸಂಧಾನದಲ್ಲಿ ವಕೀಲರು ಪಕ್ಷದ ಪರ ನಿಲ್ಲುವಂತಿಲ್ಲ, ಆಗಿನ ಕಾಯ್ದೆಯ 36ನೇ ಸೆಕ್ಷನ್ ಅದು. ಕಾರ್ಮಿಕನಿಗೆ ಯೂನಿಯನ್‌ನವರು ಜೊತೆಗಿರಬಹುದು. ಹಾಗಾಗಿ ಸಾರ್ ನನ್ನ ಪಕ್ಕದಲ್ಲಿ ಕೂತರು, ಕೋಟಿನವರು ಕಾರಿಡಾರ್‌ನಲ್ಲಿ ಕೂತರು. ಎಚ್‌ಆರ್ ಮೇಡಂ ಹತ್ತು ನಿಮಿಷಕ್ಕೊಮ್ಮೆ "ಒಂದು ಕಾಲ್ ಇದೆ" ಅಂತ ಎದ್ದು ಹೋಗಿ ಬರುತ್ತಿದ್ದರು. ಐದು ಸಭೆಗಳಲ್ಲಿ ನಾನು ನಕ್ಕದ್ದು ಅದೊಂದು ಸಲ.

ಆದರೆ ಅವರ ಮೊದಲ ಆಕ್ಷೇಪ ನಗು ಬರಿಸುವಂಥದ್ದಲ್ಲ. "ಇವರು ಕಾರ್ಮಿಕರೇ ಅಲ್ಲ" ಅಂದರು. ನನ್ನ ಹುದ್ದೆ 'ಲೀಡ್, ಕ್ವಾಲಿಟಿ'. ಆರು ಜನರ ಟೀಮ್. ಇದು ಮ್ಯಾನೇಜರ್ ಕೆಲಸ, ಕಾಯ್ದೆ ಅನ್ವಯಿಸುವುದಿಲ್ಲ, ಈ ಸಭೆಯೇ ನಡೆಯಬಾರದು ಅಂತ ಲಿಖಿತವಾಗಿ ಕೊಟ್ಟರು.

2021ರಲ್ಲಿ ಈ 'ಲೀಡ್' ಬಂದಾಗ ನಾನು ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಂಡಿದ್ದೆ. ಅಮ್ಮ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ್ದರು. ಆ ವರ್ಷ ಸಂಬಳ ಜಾಸ್ತಿ ಮಾಡುವ ಬದಲು ಹೆಸರು ಕೊಟ್ಟಿದ್ದರು, ಅಷ್ಟೆ. ಮಾಡುವ ಕೆಲಸ ಮಾತ್ರ ಅದೇ: ಸಾಫ್ಟ್‌ವೇರ್ ಪರೀಕ್ಷಿಸುವ ಟೆಸ್ಟ್ ಕೇಸ್ ಬರೆಯುವುದು, ಓಡಿಸುವುದು, ಸಿಕ್ಕ ದೋಷ (ಬಗ್) ದಾಖಲಿಸುವುದು. ಮೂರು ವರ್ಷ ಆದ ಮೇಲೆ ಆ ಹೆಸರು ನನ್ನ ಕುತ್ತಿಗೆಗೇ ಬಂತು.

ಕಾಯ್ದೆಯಲ್ಲಿ 'ಕಾರ್ಮಿಕ' ಅಂದರೆ ದೈಹಿಕ ಕೆಲಸದವರು ಮಾತ್ರ ಅಲ್ಲ. ತಾಂತ್ರಿಕ ಕೆಲಸ, ಗುಮಾಸ್ತರ ಕೆಲಸ, ಕುಶಲ ಕೆಲಸ ಎಲ್ಲ ಬರುತ್ತದೆ. ಈ ಕೆಲಸಗಳಿಗೆ ಸಂಬಳದ ಮಿತಿಯೇ ಇಲ್ಲ, ಲಕ್ಷ ರೂಪಾಯಿ ತೆಗೆದುಕೊಂಡರೂ ಕಾರ್ಮಿಕರೇ. ಹೊರಗಿಡುವುದು ಮುಖ್ಯವಾಗಿ ಮ್ಯಾನೇಜರ್‌ಗಿರಿ, ಆಡಳಿತ ಮಾಡುವವರನ್ನು, ಮತ್ತು, ಆಗಿನ ಮಿತಿಯಂತೆ, 10,000ಕ್ಕಿಂತ ಜಾಸ್ತಿ ಸಂಬಳದ ಮೇಲ್ವಿಚಾರಕರನ್ನು. ಹಾಗಾಗಿ ಜಗಳವೆಲ್ಲ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ನೀನು ನಿಜವಾಗಿ ಮಾಡುತ್ತಿದ್ದ ಮುಖ್ಯ ಕೆಲಸ ಯಾವುದು? ಹುದ್ದೆಯ ಹೆಸರು ನೋಡಬೇಡಿ, ಕೆಲಸ ನೋಡಿ ಅಂತ ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. ಸಾರ್ ಬ್ಯಾಗಿನಲ್ಲಿ 1994ರ ಎಸ್.ಕೆ. ಮೈನಿ ಕೇಸಿನ ಜೆರಾಕ್ಸ್ ಇತ್ತು, ಮಡಚಿ ಮಡಚಿ ಅಂಚು ಹರಿದಿತ್ತು. ತಮಾಷೆಯೆಂದರೆ ಆ ಕೇಸಿನಲ್ಲಿ ನೌಕರನೇ ಸೋತಿದ್ದ. ಅಂಗಡಿಯ ಮ್ಯಾನೇಜರ್ ಆತ, ಕೆಲಸವೂ ನಿಜಕ್ಕೂ ಮ್ಯಾನೇಜರದ್ದೇ ಆಗಿತ್ತು. "ಸೋತ ಕೇಸಿನ ನಿಯಮ ನಮ್ಮ ಕೆಲಸಕ್ಕೆ ಬರುತ್ತೆ ನೋಡಮ್ಮ" ಅಂದರು ಸಾರ್.

ಅಧಿಕಾರಿ ಜೆರಾಕ್ಸ್ ಮುಟ್ಟಲೂ ಇಲ್ಲ. ನೇರ ನನ್ನನ್ನೇ ಕೇಳಿದರು.

"ನಿಮ್ಮ ಟೀಮಿನವರಿಗೆ ರಜೆ ಮಂಜೂರು ಮಾಡ್ತಿದ್ದವ್ರು ಯಾರು ಮೇಡಂ?"

"ಮ್ಯಾನೇಜರ್."

"ಇಂಕ್ರಿಮೆಂಟ್?"

"ಅದೂ ಅವರೇ. ನನ್ನನ್ನ ಅಭಿಪ್ರಾಯ ಕೇಳ್ತಿದ್ರು."

"ಯಾರಿಗಾದ್ರೂ ಮೆಮೋ ಕೊಟ್ಟಿದ್ದೀರಾ? ಕೆಲಸಕ್ಕೆ ತಗೊಂಡಿದ್ದೀರಾ? ತೆಗೆದಿದ್ದೀರಾ?"

"ಇಲ್ಲ ಸಾರ್. ನನ್ನನ್ನೇ ತೆಗೆದ್ರು."

ಎಚ್‌ಆರ್ ಮೇಡಂ, ಇಲ್ಲ ಇಲ್ಲ, ಪೋರ್ಟಲ್‌ನಲ್ಲಿ ಟೀಮಿನ ರಜೆ ಅರ್ಜಿಗಳು ಇವರಿಗೇ ಹೋಗುತ್ತಿದ್ದವು ಅಂದರು. ಹೋಗುತ್ತಿದ್ದದ್ದು ನಿಜ. ಆದರೆ ನನ್ನ ಪರದೆಯಲ್ಲಿ ಇದ್ದದ್ದು 'ಶಿಫಾರಸು ಮಾಡಿ' ಅನ್ನೋ ಬಟನ್ ಮಾತ್ರ. 'ಒಪ್ಪಿಗೆ' ಬಟನ್ ಮ್ಯಾನೇಜರ್ ಪರದೆಯಲ್ಲಿತ್ತು. ಅದನ್ನು ತೋರಿಸುವುದು ಹೇಗೆ? ಪೋರ್ಟಲ್ ಮುಚ್ಚಿದೆ. ಮನೆಗೆ ಹೋಗಿ ಹಳೆಯ ವಾಟ್ಸ್ಯಾಪ್ ಎಲ್ಲ ಕೆದಕಿದೆ. ಟೀಮಿನ ಹುಡುಗರು ರಜೆ ಕೇಳಿದ್ದು, ನಾನು "ನಾನು ಕಳಿಸ್ತೀನಿ, ಆದ್ರೆ ಅವರು ಓಕೆ ಮಾಡ್ಬೇಕು, ಅವರನ್ನ ಕೇಳು" ಅಂತ ಬರೆದದ್ದು ಹನ್ನೊಂದು ಕಡೆ ಸಿಕ್ಕಿತು. ಒಂದು ಕಡೆ ಒಬ್ಬ ಹುಡುಗ ಪೋರ್ಟಲ್‌ನ ಫೋಟೋನೇ ಕಳಿಸಿದ್ದ, 'ನಿಮ್ಮ ಕಡೆಯಿಂದ ಆಗಿದೆ, ಇನ್ನೂ ಪೆಂಡಿಂಗ್ ತೋರಿಸ್ತಿದೆ' ಅಂತ. ಅವನ ತಂಗಿಯ ಮದುವೆ ರಜೆ. ಎರಡನೇ ಸಭೆಗೆ ಅದನ್ನೆಲ್ಲ ಪ್ರಿಂಟ್ ಹಾಕಿಸಿ ಕೊಟ್ಟೆ. ಅಧಿಕಾರಿ ಆ ಫೋಟೋ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಎಳೆದರು. ಆಮೇಲೆ ನೀವು ಕಾರ್ಮಿಕರೇ ಅಲ್ಲ ಅನ್ನೋ ಮಾತು ಜೋರಾಗಿ ಬರಲಿಲ್ಲ.

ಮೂರನೇ, ನಾಲ್ಕನೇ ಸಭೆಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಒಂದಕ್ಕೆ ಅವರು ಬರಲಿಲ್ಲ, ಇನ್ನೊಂದಕ್ಕೆ ಬಂದು ದಿನಾಂಕ ಕೇಳಿದರು. ಸಂಧಾನ ಹದಿನಾಲ್ಕು ದಿನದಲ್ಲಿ ಮುಗಿಯಬೇಕು ಅಂತ ಆಗಿನ ಕಾಯ್ದೆಯಲ್ಲಿತ್ತು. ಅದನ್ನು ಯಾರೂ ಅಲ್ಲಿ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಸಾರ್ ಮಾತ್ರ ಕ್ಯಾಲೆಂಡರ್ ನೋಡುತ್ತಿದ್ದರು. ಕರ್ನಾಟಕದ ತಿದ್ದುಪಡಿ ಪ್ರಕಾರ ಕೆಲಸದಿಂದ ತೆಗೆದವರು ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು, ಅದು ಸೆಕ್ಷನ್ 10(4ಎ). 2010ರ ಕೇಂದ್ರದ ತಿದ್ದುಪಡಿ ಇನ್ನೊಂದು ಬಾಗಿಲು ತೆರೆದಿತ್ತು, ಸಂಧಾನದ ಅರ್ಜಿ ಕೊಟ್ಟು 45 ದಿನವಾದರೆ ಹೋಗಬಹುದಿತ್ತು, ಅದಕ್ಕೆ ಮೂರು ವರ್ಷ ಕಾಲಾವಕಾಶವಿತ್ತು. ಎರಡನೆಯದು ಇದ್ದರೂ ಮೊದಲನೆಯ ಗಡುವು ತಪ್ಪಿಸುವುದು ಬೇಡ ಅಂದರು. ಜುಲೈ ಕೊನೆಯಲ್ಲಿ ಅರ್ಜಿ ಹಾಕಿದೆವು. ಕೋರ್ಟ್ ನೋಟಿಸ್ ತಲುಪಿದ ಎರಡೇ ವಾರಕ್ಕೆ ಎಚ್‌ಆರ್‌ನಿಂದ ಫೋನ್ ಬಂತು. "ಮಾತಾಡಿ ಮುಗಿಸೋಣ ಅಲ್ವಾ?"

ಅಕ್ಟೋಬರ್‌ನಲ್ಲಿ, ಐದನೇ ಸಭೆಯಲ್ಲಿ ಅಧಿಕಾರಿಯ ಮುಂದೆಯೇ ಒಪ್ಪಂದಕ್ಕೆ ಸಹಿ ಬಿತ್ತು. 4,20,000 ರೂಪಾಯಿ. ರಿಲೀವಿಂಗ್ ಲೆಟರ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ ಮಾತ್ರ, ಕಾರಣ ಇಲ್ಲ. ಕೋರ್ಟ್ ಅರ್ಜಿ ವಾಪಸ್. ಕೆಲಸ ವಾಪಸ್ ಇಲ್ಲ. ಲೆಕ್ಕಕ್ಕಿಂತ 52,500 ಕಡಿಮೆ. ಹೋರಾಡಿದ್ದರೆ ಬರುತ್ತಿತ್ತೇನೋ, ಆದರೆ ವರ್ಷಗಟ್ಟಲೆ ಕಾಯಲು ಮನೆ ಸಾಲ ಬಿಡಲಿಲ್ಲ. ಇದು ಗೆಲುವೋ ರಾಜಿಯೋ ಅಂತ ಗೆಳತಿಯರು ಕೇಳುತ್ತಾರೆ. ನನಗೆ ಆ ದಿನ ಸಮಾಧಾನ ಕೊಟ್ಟದ್ದು ದುಡ್ಡಲ್ಲ. ಒಪ್ಪಂದದ ಮೊದಲ ಸಾಲಿನಲ್ಲಿ 'ರಾಜೀನಾಮೆ' ಅನ್ನೋ ಪದ ಇತ್ತು, ಸಾರ್ ಹೊಡೆದು ಹಾಕಿಸಿ 'ಸೇವೆ ಕೊನೆಗೊಂಡಿದ್ದು' ಅಂತ ಬರೆಸಿದರು. ಎಚ್‌ಆರ್ ಮೇಡಂ ಕಾರಿಡಾರ್‌ಗೆ ಹೋಗಿ ಕೇಳಿ ಬಂದು ತಲೆಯಾಡಿಸಿದರು.

2025ರ ನವೆಂಬರ್ 21ರಿಂದ ನಾನು ಓಡಾಡಿದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಒಟ್ಟಿಗೇ ಜಾರಿಯಾದವು. ಅವತ್ತಿನಿಂದ ನನಗೆ ಫೋನ್‌ಗಳು ಜಾಸ್ತಿ, ಒಂದು ಸಲ ಇಲಾಖೆ ಮೆಟ್ಟಿಲು ಹತ್ತಿದವಳು ಅನ್ನೋ ಕಾರಣಕ್ಕೆ. ಕೆಲವು ಬದಲಾವಣೆ ನನಗೆ ಇಷ್ಟವಾಗಿದೆ. ಕೆಲಸ ಬಿಟ್ಟರೂ ತೆಗೆದರೂ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಹೆಚ್ಚಿನದ್ದನ್ನು ವೇತನಕ್ಕೇ ಸೇರಿಸಬೇಕು. ನನ್ನ ಮೂಲ ವೇತನ ಶೇ. 40 ಇತ್ತು. ಈ ನಿಯಮ ಆಗಲೇ ಇದ್ದಿದ್ದರೆ ಗ್ರಾಚ್ಯುಟಿ ಸುಮಾರು ನಲವತ್ತೆರಡು ಸಾವಿರ ಹೆಚ್ಚು ಬರುತ್ತಿತ್ತು. ತೆಗೆದವರಿಗೆ ಹೊಸ ಕೆಲಸ ಕಲಿಯಲು ಅಂತ ಇನ್ನೂ ಹದಿನೈದು ದಿನದ ವೇತನವನ್ನು ಮಾಲೀಕರು ಒಂದು ನಿಧಿಗೆ ಕಟ್ಟಬೇಕು. ಆದರೆ ತಗಾದೆ ತೆಗೆಯಲು ಇದ್ದ ಮೂರು ವರ್ಷ ಎರಡಕ್ಕೆ ಇಳಿದಿದೆ. ಮೇಲ್ವಿಚಾರಕರ ಮಿತಿ 10,000ದಿಂದ 18,000ಕ್ಕೆ ಏರಿದೆ, ನಮ್ಮ ಕಡೆ ಹೊಸದಾಗಿ ಸೇರುವ ಹುಡುಗರೂ ಅದನ್ನು ದಾಟಿರುತ್ತಾರೆ. ಅಂದರೆ 'ನೀನು ಕಾರ್ಮಿಕಳೇ ಅಲ್ಲ' ಅನ್ನೋ ವಾದ ಎಲ್ಲೂ ಹೋಗಿಲ್ಲ.

ಡಿಸೆಂಬರ್‌ನಲ್ಲಿ ಚಿಕ್ಕಮ್ಮನ ಮಗ ಫೋನ್ ಮಾಡಿದ. ಇಪ್ಪತ್ತನಾಲ್ಕು ವರ್ಷ, ಒಂದು ವರ್ಷದ ಕಾಂಟ್ರ್ಯಾಕ್ಟ್, ಮುಗಿಯಲು ಎರಡು ತಿಂಗಳಿದೆ. ಮುಂದುವರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ನಿಗದಿತ ಅವಧಿಯ ಕೆಲಸದವರಿಗೆ ಈಗ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗುತ್ತೆ ಕಣೋ, ಆದರೆ ಅವಧಿ ಮುಗಿದು ಕಳಿಸಿದರೆ ಅದು ತೆಗೆದ ಹಾಗಲ್ಲ, ಪರಿಹಾರ ಬರಲ್ಲ ಅಂದೆ. ಆಫರ್ ಲೆಟರ್ ಕಳಿಸು ಅಂದೆ. ಫೋಟೋ ಬಂತು. ಹುದ್ದೆ: 'ಅಸೋಸಿಯೇಟ್ ಮ್ಯಾನೇಜರ್'.

"ನಿನ್ನ ಕೈಕೆಳಗೆ ಎಷ್ಟು ಜನ ಇದ್ದಾರೋ?"

"ಯಾರೂ ಇಲ್ಲಕ್ಕ. ನಾನೇ ಎಲ್ಲರ ಕೈಕೆಳಗೆ."

"ರಜೆ ಯಾರು ಕೊಡ್ತಾರೆ?"

"ಯಾಕಕ್ಕ, ಮದುವೆಗೆ ಬರೋಕಾ?"

ಇವತ್ತು ರಾತ್ರಿನೇ ಪೇ ಸ್ಲಿಪ್‌ಗಳನ್ನೆಲ್ಲ ಡೌನ್‌ಲೋಡ್ ಮಾಡಿ ನಿನ್ನ ಸ್ವಂತ ಮೇಲ್‌ಗೆ ಹಾಕಿಕೋ ಅಂದೆ. ರಜೆ ಪೋರ್ಟಲ್‌ನ ಫೋಟೋನೂ ತೆಗೆದಿಡು ಅಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ಹ್ಞೂಂ ಅಂದ.